ನೀವು ಅವರಿಗೆ ಏನಾಗಬೇಕು?

ಇವರಿಗೆ,
ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಎಲ್ಲ ಸಂಸದರು ಹಾಗೂ ಶಾಸಕರಿಗೆ

ವಿಷಯ: ಒಂದೇ ಲಿಂಗದ ಇಬ್ಬರ ಮದುವೆಗೆ ಕಾನೂನಿನ ಮಾನ್ಯತೆ ಕೊಡಿಸುವ ಬಗ್ಗೆ

ಮಾನ್ಯರೇ,

ನಮಸ್ಕಾರ. ನಾನು ಶಹಾಪುರ ತಾಲೂಕಿನವಳು. 15 ವರ್ಷದಿಂದ ಕಲಬುರಗಿಯಲ್ಲಿ ಒಂದು ಖಾಸಗಿ ಕಚೇರಿಯ ಲೆಕ್ಕಪತ್ರ ನೋಡುತ್ತಿದ್ದೇನೆ. ನನ್ನ ಜೊತೆ ಬಾಳುತ್ತಿರುವವಳು ಭಾಲ್ಕಿ ಕಡೆಯವಳು, ಹೊಲಿಗೆ ಕಲಿಸುತ್ತಾಳೆ. 2013ರಿಂದ ನಮ್ಮದು ಒಂದೇ ಮನೆ, ಒಂದೇ ಒಲೆ. ನಾವಿಬ್ಬರೂ ಹೆಂಗಸರು. ಇದನ್ನು ಇಷ್ಟು ನೇರವಾಗಿ ಬರೆಯೋದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಮನೆ ಬಾಡಿಗೆಗೆ ಕೇಳುವಾಗ ದೊಡ್ಡಪ್ಪನ ಮಗಳು ಅಂತ ಹೇಳಿದ್ದೆ. ಕಚೇರಿಯಲ್ಲಿ ರೂಮ್‌ಮೇಟ್ ಅಂದಿದ್ದೆ. ಓಣಿಯವರು ಅಕ್ಕ-ತಂಗಿ ಅಂತ ತಾವೇ ಅಂದುಕೊಂಡರು, ನಾವೂ ಸುಮ್ನೆ ಇದ್ದೆವು. ಸುಳ್ಳಿನಿಂದ ದಿನ ಸಾಗುತ್ತಿತ್ತು. ಸಾಗದೇ ಹೋದ ಒಂದು ರಾತ್ರಿಯ ಬಗ್ಗೆ ಹೇಳಬೇಕು ಅಂತಲೇ ಈ ಪತ್ರ.

ಹೋದ ವರ್ಷ ಮೇ ತಿಂಗಳು. ಸಂಜೆ ಏಳಾದರೂ ರಸ್ತೆ ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ಸೂಪರ್ ಮಾರ್ಕೆಟ್‌ಗೆ ಹೋಗಿ ದಾರ, ಗುಂಡಿ, ಲೈನಿಂಗ್ ಬಟ್ಟೆ ತಗೊಂಡು ಸ್ಕೂಟಿ ಮೇಲೆ ಬರುತ್ತಿದ್ದ ನನ್ನ ಸಂಗಾತಿಗೆ ಹಿಂದಿನಿಂದ ಒಂದು ಟಂಟಂ ಗಾಡಿ ಗುದ್ದಿತು. ತೊಡೆ ಮೂಳೆ ಮುರಿಯಿತು, ತಲೆಗೂ ಪೆಟ್ಟು ಬಿತ್ತು. ಯಾರೋ ಪುಣ್ಯಾತ್ಮರು ಆಟೋದಲ್ಲಿ ಹಾಕಿಕೊಂಡು ಒಂದು ಆಸ್ಪತ್ರೆಗೆ ಸೇರಿಸಿದರು, ಅವಳ ಫೋನಿನಲ್ಲಿ ಕೊನೆಗೆ ಮಾತಾಡಿದ ನಂಬರಿಗೆ ಕರೆ ಮಾಡಿದರು. ಅದು ನನ್ನ ನಂಬರು.

ನಾನು ಹೋದಾಗ ಅವಳಿಗೆ ಅರೆ ಎಚ್ಚರ. ನೋವಿನ ಇಂಜೆಕ್ಷನ್ ಕೊಟ್ಟಿದ್ದರು. ತಲೆ ಸ್ಕ್ಯಾನ್ ಮಾಡಿ, ಒಳಗೆ ಏನೂ ಆಗಿಲ್ಲ, ಕಾಲಿಗೆ ಮಾತ್ರ ರಾಡ್ ಹಾಕಬೇಕು, ಬೇಗ ಮಾಡಿದರೆ ಒಳ್ಳೆಯದು ಅಂದರು. ಕೌಂಟರಿನಲ್ಲಿ ಒಂದು ಫಾರಂ ಕೊಟ್ಟರು. ಪೆನ್ನನ್ನು ಮೇಜಿಗೆ ದಾರ ಹಾಕಿ ಕಟ್ಟಿದ್ದರು, ದಾರ ಗಿಡ್ಡ, ಬಗ್ಗಿಯೇ ಬರೆಯಬೇಕು. ಹೆಸರು, ವಯಸ್ಸು, ಊರು ಬರೆದೆ. ಅವಳ ರಕ್ತದ ಗುಂಪು ಬರೆದೆ. ಯಾವ ಮಾತ್ರೆ ಅವಳ ಮೈಗೆ ಆಗೋದಿಲ್ಲ, ಥೈರಾಯ್ಡ್ ಮಾತ್ರೆ ದಿನಕ್ಕೆ ಎಷ್ಟು, 4 ವರ್ಷದ ಹಿಂದೆ ಯಾವ ಆಪರೇಷನ್ ಆಗಿತ್ತು, ಒಂದನ್ನೂ ಯಾರನ್ನೂ ಕೇಳದೆ ಬರೆದೆ. ಕೊನೆಗೆ ಒಂದು ಕಾಲಂ ಇತ್ತು. 'ರೋಗಿಯೊಂದಿಗೆ ಸಂಬಂಧ'.

"ನೀವ್ ಏನಾಗಬೇಕ್ರಿ ಇವರಿಗೆ?" ಅಂತ ಕೌಂಟರಿನ ಹುಡುಗಿ ಕೇಳಿದಳು.

"ಜೊತಿಗೇ ಇರ್ತೀವ್ರಿ" ಅಂದೆ.

"ಅದಲ್ರಿ. ಏನಾಗಬೇಕು?"

ನಮ್ಮ ಕಡೆ ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆ ಮನೆಯಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಮಾತು ಇದು. ಅದಕ್ಕೆ ಒಂದೇ ಪದದ ಉತ್ತರ ಬೇಕು. ಅಕ್ಕ, ನಾದಿನಿ, ಸೊಸೆ, ಚಿಕ್ಕಮ್ಮ. ನನ್ನ ಹತ್ತಿರ ಆ ಪದ ಇರಲಿಲ್ಲ. ದೊಡ್ಡಪ್ಪನ ಮಗಳು ಅನ್ನೋಣ ಅಂದರೆ ಆಧಾರ್ ಕಾರ್ಡ್ ಕೇಳುತ್ತಿದ್ದರು, ಅಡ್ಡಹೆಸರು ಬೇರೆ, ಊರು ಬೇರೆ. 'ಗೆಳತಿ' ಅಂತ ಬರೆದೆ. ಆ ಹುಡುಗಿ ಅದರ ಮೇಲೆ ಒಂದು ಗೆರೆ ಎಳೆದು, ರಕ್ತ ಸಂಬಂಧದವರು ಬರಬೇಕು, ಇಲ್ಲಾ ಗಂಡ ಬರಬೇಕು ಅಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಹೇಳಿಕೊಟ್ಟದ್ದನ್ನು ಅವಳು ಮಾಡಿದಳು.

ಕೊನೆಗೆ ಅವಳ ಅಣ್ಣನಿಗೆ ಫೋನ್ ಹಚ್ಚಿದೆ. ನಮ್ಮ ಸಂಬಂಧ ಗೊತ್ತಾದ ಮೇಲೆ 9 ವರ್ಷದಿಂದ ಆತ ತಂಗಿಯ ಜೊತೆ ಒಂದು ಮಾತೂ ಆಡಿರಲಿಲ್ಲ. ಆದರೂ ಮರುದಿನ ಹನ್ನೊಂದಕ್ಕೆ ಭಾಲ್ಕಿಯಿಂದ ಬಂದ, ಅದಕ್ಕೆ ನಾನು ಋಣಿ. ಅಲ್ಲಿಯವರೆಗೆ ಅವಳು ಮುರಿದ ಕಾಲು ಇಟ್ಟುಕೊಂಡು ಮಲಗಿದ್ದಳು. ನನ್ನನ್ನು ಒಳಗೆ ಬಿಟ್ಟದ್ದು ಎರಡು ಸಲ, ಹತ್ತತ್ತು ನಿಮಿಷ. ಅಡ್ವಾನ್ಸ್ ಹಣ ಮಾತ್ರ ರಾತ್ರಿಯೇ ನನ್ನಿಂದ ಕಟ್ಟಿಸಿಕೊಂಡರು. ಅಣ್ಣ ಬಂದು ಫಾರಂ ಕೈಗೆ ತಗೊಂಡ. ಒಂದು ನಿಮಿಷ ನೋಡಿ ನನ್ನ ಕಡೆ ತಿರುಗಿದ. "ಯಾವ ಕಾಲು?" ಅಂತ ಕೇಳಿದ. ಎಡಗಾಲು ಅಂದೆ. ಸಹಿ ಮಾಡಿದ.

ಆಮೇಲೆ ವಕೀಲರೊಬ್ಬರು ಹೇಳಿದರು, ತುರ್ತು ಇದ್ದಾಗ ವೈದ್ಯರು ಸಂಬಂಧಿಕರ ಸಹಿಗೆ ಕಾಯಬೇಕಾಗಿಲ್ಲ, ಎಚ್ಚರ ಇರುವ ವಯಸ್ಕ ರೋಗಿ ತಾನೇ ಒಪ್ಪಿಗೆ ಕೊಡಬಹುದು ಅಂತ. ಇರಬಹುದು. ಆದರೆ ರಾತ್ರಿ ಎಂಟು ಗಂಟೆಗೆ ಕೌಂಟರಿನ ಮುಂದೆ ನಡೆಯೋದು ರೂಢಿ. ರೂಢಿಗೆ ಗೊತ್ತಿರುವುದು ಎರಡೇ, ರಕ್ತ ಮತ್ತು ಮದುವೆ. ರಕ್ತ ನಮ್ಮ ಕೈಯಲ್ಲಿಲ್ಲ. ಮದುವೆಯನ್ನು ನಮಗೆ ಕಾನೂನು ಕೊಟ್ಟಿಲ್ಲ.

ಮಾನ್ಯರೇ, ಕೋರ್ಟು ಏನು ಹೇಳಿದೆ ಅಂತ ನಿಮಗೆ ಗೊತ್ತಿರುತ್ತದೆ. ಆದರೂ ನಮ್ಮ ಮನೆಯೊಳಗಿಂದ ಅದು ಹೇಗೆ ಕಂಡಿತು ಅಂತ ಹೇಳುತ್ತೇನೆ. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಆ ಕೇಸು ಹಾಕಿದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಆ ತೀರ್ಪಿನಲ್ಲೇ, ಒಬ್ಬರು ಯಾರನ್ನು ಪ್ರೀತಿಸುತ್ತಾರೆ ಅನ್ನುವುದೂ ಅವರ ಖಾಸಗಿತನದ ಒಳಗೆ ಬರುತ್ತದೆ ಅನ್ನುವ ಮಾತು ಬಂತು. ಮರುವರ್ಷ, 2018ರ ಸೆಪ್ಟೆಂಬರ್ 6ರಂದು, ಒಪ್ಪಿಗೆಯಿಂದ ಕೂಡುವ ಇಬ್ಬರು ವಯಸ್ಕರು ದಂಡ ಸಂಹಿತೆಯ ಸೆಕ್ಷನ್ 377ರ ಅಡಿ ಅಪರಾಧಿಗಳಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಸಂವಿಧಾನದ 14, 15, 19 ಮತ್ತು 21ನೇ ವಿಧಿಗಳು ನಮಗೂ ಅನ್ವಯಿಸುತ್ತವೆ ಅಂತ ಅವತ್ತು ಗಟ್ಟಿಯಾಯಿತು. ಅವತ್ತು ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಪಕ್ಕದ ಮನೆಯವರು ಏನು ಹಬ್ಬ ಅಂತ ಕೇಳಿದಾಗ ಹೇಳೋದಕ್ಕೆ ಬಾಯಿ ಬರಲಿಲ್ಲ, ನಾಲ್ಕು ಹೋಳಿಗೆ ಅವರಿಗೂ ಕೊಟ್ಟೆವು.

2023ರಲ್ಲಿ ಮದುವೆಯ ಕೇಸು ನಡೆಯಿತು. ವಿಚಾರಣೆಯನ್ನು ನೇರವಾಗಿ ತೋರಿಸುತ್ತಿದ್ದರು. ಅವಳು ಹೊಲಿಗೆ ಯಂತ್ರದ ಮೇಲೆ ಮೊಬೈಲ್ ಒರಗಿಸಿಟ್ಟು, ಇಂಗ್ಲಿಷ್ ಅರ್ಧ ತಿಳಿದು ಅರ್ಧ ತಿಳಿಯದೆ, ದಿನವೂ ನೋಡುತ್ತಿದ್ದಳು. ಸಂಜೆ ನಾನು ಬಂದ ಮೇಲೆ ಇವತ್ತು ಇಂಥ ವಕೀಲರು ಹೀಗೆ ಹೇಳಿದರು ಅಂತ ನನಗೆ ಒಪ್ಪಿಸುತ್ತಿದ್ದಳು. ಅಕ್ಟೋಬರ್ 17ರಂದು ತೀರ್ಪು ಬಂತು. ಮದುವೆಯಾಗುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ, 1954ರ ವಿಶೇಷ ವಿವಾಹ ಕಾಯ್ದೆಯನ್ನು ನಾವು ತಿದ್ದಿ ಓದಲಾಗದು, ಅದು ಶಾಸನ ಮಾಡುವವರ ಕೆಲಸ. ಇದಕ್ಕೆ ಐವರೂ ಒಪ್ಪಿದರು. ನಮ್ಮಂಥ ಜೋಡಿಗಳ ಒಡನಾಟಕ್ಕೆ ಸರಕಾರ ಮಾನ್ಯತೆ ಕೊಡಲೇಬೇಕು ಅಂದವರು ಇಬ್ಬರು, ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್. ಉಳಿದ ಮೂವರು ಒಪ್ಪಲಿಲ್ಲ. ಅವಳು ಮೊಬೈಲ್ ಆಫ್ ಮಾಡಿ, ಅರ್ಧಕ್ಕೆ ಬಿಟ್ಟಿದ್ದ ರವಿಕೆಯ ತೋಳು ಹೊಲಿಯೋದಕ್ಕೆ ಕೂತಳು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳನ್ನೂ ಕೋರ್ಟ್ ತಳ್ಳಿಹಾಕಿತು.

ಅಂದರೆ ಕೋರ್ಟು ನಮಗೆ ನಿಮ್ಮ ಮನೆಯ ಬಾಗಿಲು ತೋರಿಸಿದೆ. ಅದಕ್ಕೇ ನಿಮ್ಮ ಬಾಗಿಲಿಗೆ ಬಂದಿದ್ದೇನೆ.

ಇದು ದೆಹಲಿಯ ವಿಷಯ, ನಮ್ಮ ಕೈಯಲ್ಲಿ ಏನಿದೆ ಅಂತ ಶಾಸಕರು ಹೇಳಬಹುದು. ಮದುವೆಯ ವಿಷಯ ಇರುವುದು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿ. ಅದರ ಮೇಲೆ ಸಂಸತ್ತೂ ಕಾನೂನು ಮಾಡಬಹುದು, ವಿಧಾನಸಭೆಯೂ ಮಾಡಬಹುದು. ಹಾಗಾಗಿ ಈ ಪತ್ರ ಇಬ್ಬರಿಗೂ.

ವಿಶೇಷ ವಿವಾಹ ಕಾಯ್ದೆಯ 4ನೇ ಸೆಕ್ಷನ್ ಒಮ್ಮೆ ತೆರೆದು ನೋಡಿ. ಅದು ಶುರುವಾಗುವುದೇ 'ಯಾವುದೇ ಇಬ್ಬರು ವ್ಯಕ್ತಿಗಳ' ಮದುವೆ ಅಂತ. ವಯಸ್ಸಿನ ಷರತ್ತಿಗೆ ಬಂದಾಗ ಗಂಡಿಗೆ 21, ಹೆಣ್ಣಿಗೆ 18 ಅಂತ ಬರುತ್ತದೆ, ಅಲ್ಲಿಗೆ ನಾವು ಹೊರಗೆ. ಈ ಕಾಯ್ದೆಯಲ್ಲಿ ಪುರೋಹಿತರಿಲ್ಲ, ಖಾಜಿಗಳಿಲ್ಲ, ಪಾದ್ರಿಗಳಿಲ್ಲ. ಮದುವೆ ಅಧಿಕಾರಿಗೆ ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಮೂರು ಜನ ಸಾಕ್ಷಿಗಳ ಮುಂದೆ ಸಹಿ ಮಾಡಬೇಕು, ಅಷ್ಟೇ. ಯಾವ ಗುಡಿ, ಯಾವ ಮಠ, ಯಾವ ದರ್ಗಾ, ಯಾವ ಚರ್ಚೂ ನಮಗೆ ಮದುವೆ ಮಾಡಿಸಬೇಕು ಅಂತ ನಾನು ಕೇಳುತ್ತಿಲ್ಲ. ಸರಕಾರದ ಒಂದು ರಿಜಿಸ್ಟರಿನಲ್ಲಿ ನಮ್ಮಿಬ್ಬರ ಹೆಸರು ಒಂದೇ ಸಾಲಿನಲ್ಲಿ ಬರಲಿ ಅಂತ ಕೇಳುತ್ತಿದ್ದೇನೆ.

ನಮ್ಮ ನೆಲದ ಸಂಸ್ಕೃತಿಗೆ ಇದು ಒಗ್ಗೋದಿಲ್ಲ ಅನ್ನುವ ಮಾತು ಬರುತ್ತದೆ. ಬಸವಕಲ್ಯಾಣ ನಮ್ಮ ಬೀದರ್ ಜಿಲ್ಲೆಯಲ್ಲೇ ಇದೆ. ಬಸವಣ್ಣನ ಕಾಲದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದು ಅಲ್ಲೇ. ಆ ಮದುವೆ ಶಾಸ್ತ್ರಕ್ಕೆ ಒಗ್ಗೋದಿಲ್ಲ ಅಂತ ಇಬ್ಬರು ಬೀಗರನ್ನೂ ಎಳೆಹೂಟೆ ಶಿಕ್ಷೆಗೆ ಕೊಟ್ಟು, ಅಂದರೆ ಕಟ್ಟಿ ಎಳೆಸಿ ಕೊಂದರು. ಇವತ್ತು ನಾವು ಯಾರ ಹೆಸರನ್ನು ಕೈಮುಗಿದು ಹೇಳುತ್ತೇವೆ? ಕೊಂದವರದ್ದಲ್ಲ ಅಲ್ವಾ. ನಮ್ಮ ಕಥೆ ಅಷ್ಟು ದೊಡ್ಡದು ಅಂತ ನಾನು ಹೇಳುತ್ತಿಲ್ಲ. ಮದುವೆಗೆ ಯಾರು ಯೋಗ್ಯರು ಅನ್ನುವ ಪ್ರಶ್ನೆಯನ್ನು ಈ ನೆಲ ಎಂಟುನೂರು ವರ್ಷದ ಹಿಂದೆಯೇ ಕೇಳಿದೆ, ಇದು ನಮಗೆ ಹೊಸ ಪ್ರಶ್ನೆಯಲ್ಲ ಅಂತ ಅಷ್ಟೇ ಹೇಳುತ್ತಿದ್ದೇನೆ.

ಇನ್ನು ನಮ್ಮ ಭಾಗದವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲು ಕೊಡಿಸಿದ ಸಂವಿಧಾನದ 371(ಜೆ) ವಿಧಿ. ಕಲ್ಯಾಣ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲರಿಗೂ ಒಂದೇ ಕಾನೂನು ಇದ್ದರೂ ನಮ್ಮ ಮಕ್ಕಳಿಗೆ ಸೀಟು ಸಿಗುತ್ತಿರಲಿಲ್ಲ, ನೌಕರಿ ಸಿಗುತ್ತಿರಲಿಲ್ಲ. ಕಾಗದದ ಮೇಲೆ ಸಮಾನರು, ಬದುಕಿನಲ್ಲಿ ಹಿಂದೆ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದರು. 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದಿತು. ನನ್ನ ತಮ್ಮನ ಮಗಳು ಅದೇ ಸರ್ಟಿಫಿಕೇಟ್ ಹಿಡಿದು ಇಂಜಿನಿಯರಿಂಗ್ ಸೀಟು ತಗೊಂಡಳು. ಒಂದು ಕಾಗದ ಒಂದು ಮನೆಯನ್ನು ಎಲ್ಲಿಂದ ಎಲ್ಲಿಗೆ ಒಯ್ಯುತ್ತದೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮ ಭಾಗದ ಜನಪ್ರತಿನಿಧಿಗಳಿಗೆ ಸಂಸತ್ತಿನಲ್ಲಿ ಎದ್ದು ನಿಂತು ಇಂಥದ್ದನ್ನು ಕೇಳುವ ರೂಢಿ ಇದೆ. ಆ ನಂಬಿಕೆಯಿಂದಲೇ ಬರೆಯುತ್ತಿದ್ದೇನೆ.

ಮದುವೆಯ ಕಾಗದ ಇಲ್ಲದೆ ಏನೇನು ಇಲ್ಲ ಅಂತ ಆ ಆಪರೇಷನ್ ಆದ ಮೇಲೆ ಒಂದೊಂದಾಗಿ ನೋಡುತ್ತಾ ಹೋದೆವು. ಅಫಜಲಪುರ ರಸ್ತೆ ಕಡೆ ಇಬ್ಬರೂ ದುಡ್ಡು ಹಾಕಿ ಒಂದು ಚಿಕ್ಕ ಪ್ಲಾಟ್ ತಗೊಂಡಿದ್ದೇವೆ, ಇಬ್ಬರ ಹೆಸರಲ್ಲೂ ಇದೆ. ಉಯಿಲು ಬರೆಯದೆ ಅವಳು ಹೋದರೆ ಅವಳ ಅರ್ಧ ನನಗೆ ಬರೋದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅವಳ ತಂದೆತಾಯಿಗೆ, ಅವರಿಲ್ಲದಿದ್ದರೆ ತಂದೆಯ ಕಡೆಯವರಿಗೆ ಹೋಗುತ್ತದೆ. ನನ್ನ ಪಿಎಫ್ ಹಣಕ್ಕೆ ಅವಳನ್ನು ನಾಮಿನಿ ಮಾಡೋಣ ಅಂದರೆ, ಕುಟುಂಬ ಇರುವವರು ಕುಟುಂಬದವರ ಹೆಸರನ್ನೇ ಕೊಡಬೇಕು ಅನ್ನುತ್ತದೆ ನಿಯಮ. ನಾನು ನೋಡಿಕೊಳ್ಳುತ್ತಿರುವ ನಮ್ಮ ಅವ್ವ ಆ ಲೆಕ್ಕದಲ್ಲಿ ಕುಟುಂಬ, ಬರಲಿ, ಸಂತೋಷ. ಅವಳು ಮಾತ್ರ ಬರೋದಿಲ್ಲ. ವಕೀಲರ ಹತ್ತಿರ ಹೋಗಿ ಇಬ್ಬರೂ ಉಯಿಲು ಮಾಡಿಸಿದೆವು, ಮುಖತ್ಯಾರ ಪತ್ರ ಮಾಡಿಸಿದೆವು. ಮುಖತ್ಯಾರ ಪತ್ರ ಜೀವ ಇರುವ ತನಕ ಮಾತ್ರ. ಉಯಿಲಿನ ಮೇಲೆ ಮನೆಯವರು ದಾವೆ ಹಾಕಬಹುದು. "ಇಷ್ಟೆಲ್ಲಾ ಮಾಡಿದ್ರೂ ಒಂದು ಮ್ಯಾರೇಜ್ ಸರ್ಟಿಫಿಕೇಟಿಗೆ ಸಮ ಆಗಂಗಿಲ್ಲಮ್ಮ" ಅಂತ ಆ ವಕೀಲರು ಪ್ರಾಮಾಣಿಕವಾಗಿ ಹೇಳಿದರು.

ಇನ್ನೊಂದು ಮಾತು. 2023ರ ತೀರ್ಪಿನ ವೇಳೆ ಕೇಂದ್ರ ಸರಕಾರ ಒಂದು ಸಮಿತಿ ಮಾಡುತ್ತೇವೆ ಅಂತ ಕೋರ್ಟಿಗೆ ಹೇಳಿತ್ತು. 2024ರ ಏಪ್ರಿಲ್‌ನಲ್ಲಿ ಸಂಪುಟ ಕಾರ್ಯದರ್ಶಿ ಅಧ್ಯಕ್ಷತೆಯಲ್ಲಿ ಸಮಿತಿ ಆಯಿತು. ಅದೇ ವರ್ಷ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಕೆಲವು ಸೂಚನೆಗಳು ಬಂದವು. ನಮ್ಮಂಥ ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯೋದಕ್ಕೆ, ಒಬ್ಬರನ್ನೊಬ್ಬರು ನಾಮಿನಿ ಮಾಡೋದಕ್ಕೆ ಅಡ್ಡಿಯಿಲ್ಲ. ರೇಷನ್ ಕಾರ್ಡಿಗೆ ಇಬ್ಬರನ್ನೂ ಒಂದೇ ಮನೆಯವರು ಅಂತ ಪರಿಗಣಿಸಬೇಕು. ಹತ್ತಿರದ ಸಂಬಂಧಿಕರು ಇಲ್ಲದಾಗ ಸಂಗಾತಿಯೂ ಶವ ಪಡೆಯಬಹುದು. ಓದಿದಾಗ ತುಂಬಾ ಸಮಾಧಾನ ಆಯಿತು.

ಆ ಸೂಚನೆಯ ಪ್ರಿಂಟ್ ತಗೊಂಡು ರೇಷನ್ ಕಾರ್ಡಿನ ಅರ್ಜಿ ಹಾಕೋದಕ್ಕೆ ಹೋದೆ. ಅಲ್ಲಿದ್ದ ಹುಡುಗ ಒಳ್ಳೆಯವನು, ಪೂರ್ತಿ ಓದಿದ. ಆಮೇಲೆ ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಿದ. ಸಂಬಂಧ ಅನ್ನುವ ಕಡೆ ಒತ್ತಿದರೆ ಒಂದು ಪಟ್ಟಿ ಕೆಳಗೆ ಬಿಚ್ಚಿಕೊಳ್ಳುತ್ತದೆ. ಗಂಡ, ಹೆಂಡತಿ, ಮಗ, ಮಗಳು, ಅತ್ತೆ, ಮಾವ, ಸೊಸೆ, ಅಳಿಯ, ಮೊಮ್ಮಗ. "ಇದರಾಗ ಯಾವುದು ಒತ್ತಲಿ, ನೀವೇ ಹೇಳ್ರಿ ಮೇಡಂ" ಅಂದ. ಮತ್ತೆ ಅದೇ ಪ್ರಶ್ನೆ, ಈ ಸಲ ಯಂತ್ರ ಕೇಳುತ್ತಿತ್ತು. ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು, ಎದ್ದು ಬಂದೆ. ಅವಳ ಹೆಸರು ಇವತ್ತಿಗೂ ಭಾಲ್ಕಿಯ ಕಾರ್ಡಿನಲ್ಲಿದೆ, ನನ್ನದು ಶಹಾಪುರದ ಕಾರ್ಡಿನಲ್ಲಿ.

ಇದು ಸಂಸತ್ತಿಗೆ ಕಾಯಬೇಕಾದ ಕೆಲಸವಲ್ಲ. ರೇಷನ್ ಕಾರ್ಡ್ ಕೊಡುವುದು ರಾಜ್ಯ ಸರಕಾರ. ಆ ಪಟ್ಟಿಯಲ್ಲಿ 'ಸಂಗಾತಿ' ಅಂತ ಒಂದು ಸಾಲು ಸೇರಿಸಲಿ. ಶಾಸಕರು ದಯವಿಟ್ಟು ಆಹಾರ ಇಲಾಖೆಯ ಸಚಿವರನ್ನು ಇದನ್ನು ಕೇಳಬೇಕು. ಹಾಗೆಯೇ ಆರೋಗ್ಯ ಇಲಾಖೆಯಿಂದ ಪ್ರತಿ ಸರಕಾರಿ ಮತ್ತು ಖಾಸಗಿ ಆಸ್ಪತ್ರೆಗೆ ಒಂದು ಸುತ್ತೋಲೆ ಹೋಗಲಿ, ರೋಗಿ ಯಾರ ಹೆಸರು ಬರೆದುಕೊಟ್ಟಿದ್ದಾರೋ ಅವರನ್ನು ಹತ್ತಿರದವರು ಅಂತ ಒಪ್ಪಿಕೊಳ್ಳಬೇಕು ಅಂತ. ಇದೇನು ಕೇಳರಿಯದ್ದಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇದು ಈಗಾಗಲೇ ಇದೆ. ಬಿಳಿ ಹಾಳೆಯ ಮೇಲೆ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರೆ ಸಾಕು, ತನಗೆ ಬೇಕಾದವರನ್ನು ಪ್ರತಿನಿಧಿ ಮಾಡಿಕೊಳ್ಳಬಹುದು. ಮನಸ್ಸಿನ ಕಾಯಿಲೆಗೆ ಇರುವ ಅವಕಾಶ ಮುರಿದ ಕಾಲಿಗೆ ಯಾಕಿಲ್ಲ?

ಪೊಲೀಸ್ ಠಾಣೆಗಳ ಬಗ್ಗೆಯೂ ಹೇಳಲೇಬೇಕು. ನನಗೆ ಗೊತ್ತಿರುವ 22 ವರ್ಷದ ಹುಡುಗಿ ಒಬ್ಬಳು ಮನೆ ಬಿಟ್ಟು ತನ್ನ ಗೆಳತಿಯ ಜೊತೆ ಇರೋದಕ್ಕೆ ಹೋದಳು. ಮನೆಯವರು ಕಾಣೆಯಾಗಿದ್ದಾಳೆ ಅಂತ ದೂರು ಕೊಟ್ಟರು. ಠಾಣೆಯಲ್ಲಿ ಅವಳನ್ನು ಮಧ್ಯಾಹ್ನದಿಂದ ರಾತ್ರಿವರೆಗೆ ಕೂರಿಸಿ ಬುದ್ಧಿ ಹೇಳಿದರು, ಕೊನೆಗೆ ಮನೆಯವರ ಜೊತೆಗೇ ಕಳಿಸಿದರು. ಅವಳ ಫೋನ್ ಅವತ್ತಿನಿಂದ ಆಫ್ ಇದೆ. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಕೇಸುಗಳ ಬಗ್ಗೆ ಹೈಕೋರ್ಟುಗಳಿಗೆ ಮಾರ್ಗಸೂಚಿ ಕೊಟ್ಟಿದೆ. ವಯಸ್ಕರ ಇಷ್ಟವನ್ನು ಅವರಿಂದಲೇ, ಮನೆಯವರ ಒತ್ತಡ ಇಲ್ಲದೆ ಕೇಳಬೇಕು. ಕೌನ್ಸೆಲಿಂಗ್ ಹೆಸರಿನಲ್ಲಿ ಅವರ ಮನಸ್ಸು ತಿರುಗಿಸಬಾರದು. ಜೋಡಿ ರಕ್ಷಣೆ ಕೇಳಿದರೆ ಕೂಡಲೇ ಕೊಡಬೇಕು. ಹೈಕೋರ್ಟಿನ ಪೀಠ ನಮ್ಮ ಕಲಬುರಗಿಯಲ್ಲೇ ಇದೆ, ಆದರೆ ಹಳ್ಳಿಯ ಹುಡುಗಿ ಮೊದಲು ತಲುಪುವುದು ಠಾಣೆಗೆ. ಮೂರೂ ಜಿಲ್ಲೆಗಳ ಎಸ್‌ಪಿಗಳಿಗೆ, ಕಲಬುರಗಿ ನಗರದ ಪೊಲೀಸ್ ಕಮಿಷನರಿಗೆ ನೀವು ಒಂದು ಮಾತು ಹೇಳಿದರೆ ಠಾಣೆಯ ತನಕ ಅದು ತಲುಪುತ್ತದೆ.

ಸಂಸದರಲ್ಲಿ ನನ್ನ ಕೋರಿಕೆ ಬೇರೆ. ವಿಶೇಷ ವಿವಾಹ ಕಾಯ್ದೆಗೆ ತಿದ್ದುಪಡಿ ತರುವ ಬಗ್ಗೆ ಸದನದಲ್ಲಿ ಪ್ರಶ್ನೆ ಕೇಳಿ. ಆ ಸಮಿತಿ ಇಲ್ಲಿಯವರೆಗೆ ಏನೇನು ಶಿಫಾರಸು ಮಾಡಿದೆ ಅಂತ ಕೇಳಿ. ಬೇಕಾದರೆ ಖಾಸಗಿ ಮಸೂದೆ ತನ್ನಿ. ಥೈಲ್ಯಾಂಡಿನಲ್ಲಿ 2025ರ ಜನವರಿಯಿಂದ ಇಂಥ ಮದುವೆ ಕಾನೂನುಬದ್ಧ, ತೈವಾನಿನಲ್ಲಿ 2019ರಿಂದ. ಪಕ್ಕದ ನೇಪಾಳದಲ್ಲಿ 2023ರಲ್ಲೇ ಒಂದು ಜೋಡಿಯ ಮದುವೆ ನೋಂದಣಿ ಆಗಿದೆ. ಪಕ್ಷದ ನಿಲುವು ಏನೇ ಇರಲಿ, ನಿಮ್ಮ ಕ್ಷೇತ್ರದಲ್ಲಿ ನಮ್ಮಂಥವರು ಇದ್ದಾರೆ, ವೋಟು ಹಾಕುತ್ತಾರೆ ಅನ್ನುವುದನ್ನು ನೀವು ಅಲ್ಲಿ ಹೇಳಿದರೆ ಅದೇ ನಮಗೆ ದೊಡ್ಡದು.

ನಮ್ಮ ಅವ್ವನಿಗೆ ಎಲ್ಲಾ ಗೊತ್ತಿದೆ. ಮೊದಲು ಎರಡು ವರ್ಷ ಅತ್ತಳು. ಈಗ ಊರಿಂದ ಯಾರಾದರೂ ಬಂದರೆ ಶೇಂಗಾ ಹಿಂಡಿ ಎರಡು ಡಬ್ಬಿ ಕಳಿಸುತ್ತಾಳೆ, ಒಂದರಲ್ಲಿ ಖಾರ ಕಮ್ಮಿ. ಅದು ಅವಳಿಗೆ. ಓದು ಬರಹ ಬಾರದ ನಮ್ಮ ಅವ್ವ ತನ್ನ ಲೆಕ್ಕದಲ್ಲಿ ಆ ಸಂಬಂಧ ಬರೆದುಕೊಂಡಾಗಿದೆ. ಉಳಿದಿರುವುದು ಸರಕಾರದ ಲೆಕ್ಕ.

ಈ ವರ್ಷದ ಕೊನೆಗೆ ಅವಳ ಕಾಲಿನ ರಾಡ್ ತೆಗೆಸಬೇಕು ಅಂತ ಡಾಕ್ಟರು ಹೇಳಿದ್ದಾರೆ. ಮತ್ತೆ ಅದೇ ಕೌಂಟರು, ಅದೇ ಫಾರಂ. ಆ ಕಾಲಂನಲ್ಲಿ ನಾನು ಏನು ಬರೆಯಬೇಕು ಅಂತ ಅಷ್ಟರೊಳಗೆ ನಿಮ್ಮಿಂದ ಉತ್ತರ ಬರಲಿ ಅಂತ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕಲಬುರಗಿಯ ಒಬ್ಬ ಮತದಾರಳು

(ಹೆಸರು ಹಾಕಿಲ್ಲ. ನನ್ನ ಹೆಸರು ಹಾಕಿದರೆ ಅವಳ ಹೆಸರೂ ಹೊರಗೆ ಬರುತ್ತದೆ. ಅವಳ ಹತ್ತಿರ ಹೊಲಿಗೆ ಕಲಿಯೋದಕ್ಕೆ ದಿನಾ 20 ಹುಡುಗಿಯರು ಬರುತ್ತಾರೆ. ಅವರನ್ನು ಮನೆಯವರು ನಾಳೆಯಿಂದ ಕಳಿಸದೇ ಇದ್ದರೆ ಅನ್ನುವ ಭಯ ನಮಗೆ ಇನ್ನೂ ಇದೆ.)